ಜರ್ಮನ್ ಶೆಫರ್ಡ್‌ನ ಹಿಂಗಾಲು

ವಯಸ್ಸಾದ ಜರ್ಮನ್ ಶೆಫರ್ಡ್ ನಾಯಿಯ ಹಿಂಗಾಲಿನ ಉಗುರುಗಳನ್ನು ಹತ್ತಿರದಿಂದ ನೋಡಬೇಕು. ನಡುವಿನ ಎರಡು ಬೆರಳುಗಳ ಉಗುರು ಮೇಲ್ಭಾಗದಲ್ಲಿ ಸವೆದಿದ್ದರೆ, ನಾಯಿ ನಡೆಯುವಾಗ ಪಾದವನ್ನು ಪೂರ್ತಿ ಎತ್ತದೆ ನೆಲಕ್ಕೆ ಉಜ್ಜುತ್ತಿದೆ ಎಂದರ್ಥ. ಪಶುವೈದ್ಯರು ಆಗ ನಾಯಿಯ ಹೊಟ್ಟೆಗೆ ಕೈಯಾಸರೆ ಕೊಟ್ಟು, ಒಂದು ಹಿಂಗಾಲಿನ ಪಾದವನ್ನು ಮಡಚಿ, ಅದರ ಮೇಲ್ಮೈ ನೆಲಕ್ಕೆ ತಾಗುವಂತೆ ಇಡುತ್ತಾರೆ. ಆರೋಗ್ಯವಾಗಿರುವ ನಾಯಿ ತಕ್ಷಣ ಪಾದವನ್ನು ಸರಿಮಾಡಿಕೊಳ್ಳುತ್ತದೆ. ಬೆನ್ನುಹುರಿ ಕೆಟ್ಟಿರುವ ನಾಯಿ ಹಾಗೆಯೇ ನಿಂತುಬಿಡುತ್ತದೆ. ಪಾದ ಹೇಗಿದೆ ಎಂಬ ಸುದ್ದಿಯೇ ಅದರ ಮಿದುಳಿಗೆ ಮುಟ್ಟಿರುವುದಿಲ್ಲ.

ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿದಾಗಲೂ ಹೀಗಾಗಬಹುದು. ಆದರೆ ಈ ತಳಿಯಲ್ಲಿ, ನೋವಿನ ಸುಳಿವೇ ಇಲ್ಲದೆ ಎಂಟೊಂಬತ್ತನೆಯ ವರ್ಷದ ಆಸುಪಾಸಿನಲ್ಲಿ ಹಿಂಗಾಲು ತೊಡರತೊಡಗಿದರೆ ಮೊದಲು ಅನುಮಾನ ಬರುವುದು ಡಿಜನರೇಟಿವ್ ಮೈಲೋಪತಿಯ ಮೇಲೆ. ಬೆನ್ನುಹುರಿಯ ನರತಂತುಗಳು ನಿಧಾನವಾಗಿ ನಶಿಸುವ ಕಾಯಿಲೆ ಇದು. ತಡೆಯುವ ಔಷಧ ಇಲ್ಲ. ನಿತ್ಯದ ವ್ಯಾಯಾಮ, ಫಿಸಿಯೋಥೆರಪಿಗಳಿಂದ ನಾಯಿಯನ್ನು ಇನ್ನಷ್ಟು ಕಾಲ ನಡೆದಾಡಿಸಬಹುದು, ಅಷ್ಟೆ. ಇದಕ್ಕೆ ಎಸ್‌ಒಡಿ1 ಎಂಬ ವಂಶವಾಹಿಯ ದೋಷ ಕಾರಣವೆಂದು 2009ರಲ್ಲಿ ಗೊತ್ತಾಯಿತು. ಸ್ನಾಯುಗಳನ್ನು ಆಡಿಸುವ ನರಗಳು ನಶಿಸುತ್ತ ಹೋಗುವ, ಮನುಷ್ಯರ ಎಎಲ್‌ಎಸ್ ಕಾಯಿಲೆ ವಂಶದಲ್ಲಿ ಹರಿದುಬರುವ ಕೆಲವು ಕುಟುಂಬಗಳಲ್ಲಿ 1993ರಲ್ಲಿ ಸಿಕ್ಕಿದ್ದೂ ಇದೇ ವಂಶವಾಹಿಯ ದೋಷ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ಕೆಟ್ಟ ಪ್ರತಿಗಳು ಸೇರಿದ ನಾಯಿಗೆ ಅಪಾಯ ಹೆಚ್ಚು. ಹಾಗೆ ಸೇರಿಯೂ ಕಾಯಿಲೆ ಬೀಳದೆ ಬದುಕು ಮುಗಿಸುವ ನಾಯಿಗಳೂ ಇವೆ.

ಈ ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸಿನಲ್ಲೇ ಎಲ್ಲ ತೊಡಕೂ ಇದೆ. ನಾಯಿಯಿಂದ ಮರಿ ಪಡೆಯುವುದು ಅದರ ಯೌವನದಲ್ಲಿ. ಹಿಂಗಾಲು ಸೋಲುವ ಹೊತ್ತಿಗೆ ಅದು ಅಜ್ಜನೋ ಮುತ್ತಜ್ಜನೋ ಆಗಿರುತ್ತದೆ. ಎಷ್ಟೇ ಪ್ರಾಮಾಣಿಕ ತಳಿಗಾರನಾದರೂ ಡಿಎನ್‌ಎ ಪರೀಕ್ಷೆಯಿಲ್ಲದೆ ಕಣ್ಣಿಗೆ ಬೀಳದ ದೋಷವನ್ನು ಹೇಗೆ ತಾನೇ ಕಳೆಯುತ್ತಾನೆ?

ಹೊರಗಿನ ನಾಯಿಗಳನ್ನು ಸೇರಿಸಿಕೊಳ್ಳದ ಮುಚ್ಚಿದ ವಂಶಾವಳಿ ಈ ತೊಡಕನ್ನು ಇಮ್ಮಡಿ ಮಾಡುತ್ತದೆ. ಜರ್ಮನಿಯ ಕುದುರೆ ಸೈನ್ಯದಲ್ಲಿದ್ದ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಕಾರ್ಲ್ಸ್‌ರೂಹೆಯ ಶ್ವಾನ ಪ್ರದರ್ಶನದಲ್ಲಿ ಕುರಿ ಕಾಯುವ ನಾಯಿಯೊಂದನ್ನು ಕಂಡು ಮೆಚ್ಚಿ, ಕೊಂಡು, ಹೋರಾಂಡ್ ಎಂದು ಹೆಸರಿಟ್ಟರು. ಅದೇ ವರ್ಷ ಹುಟ್ಟಿದ ತಳಿಸಂಘದ ದಾಖಲೆಯಲ್ಲಿ ಮೊದಲ ಹೆಸರು ಹೋರಾಂಡ್‌ನದೇ. ಅದರ ಮಗ ಹೆಕ್ಟರ್‌ನನ್ನು ಹೋರಾಂಡ್‌ನ ಸಂತತಿಯ ಹೆಣ್ಣಿನ ಜೊತೆಗೇ ಕೂಡಿಸಿದರು. ಬೇಕಾದ ಗುಣವನ್ನು ಗಟ್ಟಿ ಮಾಡಿಕೊಳ್ಳಲು ಅಂದಿನ ತಳಿಗಾರರು ಬಲ್ಲ ದಾರಿ ಅದೊಂದೇ. 1925ರಲ್ಲಿ ಕ್ಲೋಡೊ ಎಂಬ ಗಂಡು ಚಾಂಪಿಯನ್ ಆದಾಗಲೂ ಅಷ್ಟೆ, ಎಲ್ಲರಿಗೂ ಅದರ ಮರಿಗಳೇ ಬೇಕಾದವು. ಯಾವ ನಾಯಿಯೂ ದೋಷರಹಿತವಲ್ಲ. ಪ್ರತಿಯೊಂದರಲ್ಲೂ ಕೆಲವು ಕೆಟ್ಟ ಪ್ರತಿಗಳು ಜೋಡಿ ಸಿಗದೆ ಸುಮ್ಮನೆ ಅಡಗಿರುತ್ತವೆ. ಒಂದೇ ಗಂಡಿನ ಮೊಮ್ಮಕ್ಕಳು ಮರಿಮಕ್ಕಳು ತಮ್ಮತಮ್ಮೊಳಗೆ ಕೂಡಿದಾಗ ಅವಕ್ಕೆ ಜೋಡಿ ಸಿಗುತ್ತದೆ.

ಜರ್ಮನ್ ಶೆಫರ್ಡ್ ಎಂದೊಡನೆ ಜನರ ಬಾಯಿಗೆ ಬರುವುದು ಮಾತ್ರ ಹಿಪ್ ಡಿಸ್‌ಪ್ಲೇಸಿಯಾ. ತೊಡೆಮೂಳೆಯ ತಲೆ ಸೊಂಟದ ಕುಳಿಯಲ್ಲಿ ಒರಳಿನಲ್ಲಿ ಗುಂಡು ಕುಳಿತಂತೆ ಸರಿಯಾಗಿ ಕೂತು ತಿರುಗಬೇಕು. ಈ ಕಾಯಿಲೆಯಲ್ಲಿ ಹಾಗೆ ಕೂರುವುದಿಲ್ಲ. ಹುಟ್ಟಿದ ಮರಿಯ ಕೀಲು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಬೆಳೆಯುವ ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಸಡಿಲಾದ ಮೂಳೆ ಕುಳಿಯ ಅಂಚಿಗೆ ತಿಕ್ಕಿ ಮೃದ್ವಸ್ಥಿ ಸವೆಯುತ್ತದೆ, ಕುಳಿ ಆಳ ಕಳೆದುಕೊಳ್ಳುತ್ತದೆ, ಕೊನೆಗೆ ಸಂಧಿವಾತ. ಎಳೆಯ ನಾಯಿ ಎರಡೂ ಹಿಂಗಾಲನ್ನು ಒಟ್ಟಿಗೆ ಎತ್ತಿ ಕುಪ್ಪಳಿಸುತ್ತ ಓಡುವುದನ್ನು ಮುದ್ದಾಟವೆಂದು ವಿಡಿಯೋ ಮಾಡುವವರಿದ್ದಾರೆ. ಎಕ್ಸ್-ರೇ ತೆಗೆಸಿದರೆ ಒಳ್ಳೆಯದು.

ಇಲ್ಲಿ ಒಂದು ವಂಶವಾಹಿಯ ಮೇಲೆ ಬೆರಳಿಡಲು ಆಗುವುದಿಲ್ಲ. ಅನೇಕ ವಂಶವಾಹಿಗಳು ತಲಾ ಸ್ವಲ್ಪಸ್ವಲ್ಪ ಕೈಹಾಕಿರುತ್ತವೆ, ಮೇಲೆ ಆಹಾರ, ತೂಕ, ಬೆಳವಣಿಗೆಯ ವೇಗ ಸೇರಿಕೊಳ್ಳುತ್ತವೆ. ಆದ್ದರಿಂದಲೇ ಒಳ್ಳೆಯ ಕೀಲಿನ ತಂದೆತಾಯಿಗೂ ಕುಂಟುವ ಮರಿ ಹುಟ್ಟಬಹುದು. ಪ್ರದರ್ಶನದ ನಾಯಿಗಳ ಇಳಿಜಾರು ಬೆನ್ನೇ ಇದಕ್ಕೆಲ್ಲ ಕಾರಣ ಎಂಬ ಮಾತು ಚಾಲ್ತಿಯಲ್ಲಿದೆ. ನನಗೂ ಆ ಆಕಾರ ಕಂಡರೆ ಆಗುವುದಿಲ್ಲ. ಆದರೆ ನೆಟ್ಟಗಿನ ಬೆನ್ನಿನ ಲ್ಯಾಬ್ರಡಾರ್, ಸೇಂಟ್ ಬರ್ನಾರ್ಡ್‌ಗಳಲ್ಲೂ ಇದೇ ಕಾಯಿಲೆ ಧಾರಾಳವಾಗಿದೆ. ಬೆನ್ನೊಂದನ್ನೇ ದೂರಿ ಪ್ರಯೋಜನವಿಲ್ಲ.

ತೂಕದ ವಿಷಯದಲ್ಲಿ ಒಂದು ಗಟ್ಟಿ ಪುರಾವೆ ಇದೆ. 48 ಲ್ಯಾಬ್ರಡಾರ್‌ಗಳನ್ನು ಒಂದೇ ಸೂಲಿನ ಜೋಡಿಗಳಾಗಿ ವಿಂಗಡಿಸಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು; ಸೊಂಟದ ಸಂಧಿವಾತವೂ ಅವುಗಳಲ್ಲಿ ಕಡಿಮೆ, ಬಂದರೂ ತಡ. ಇಷ್ಟಿದ್ದೂ ದೊಡ್ಡ ತಳಿಯ ಮರಿ ಬೇಗ ಗುಂಡುಗುಂಡಾಗಲಿ ಎಂದು ತಿನ್ನಿಸುವುದು, ಮೂಳೆ ಬಲವಾಗಲಿ ಎಂದು ಕ್ಯಾಲ್ಸಿಯಂ ಸುರಿಯುವುದು ನಿಂತಿಲ್ಲ. ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆನ್ನುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸಮತೋಲಿತ ಆಹಾರದ ಮೇಲೆ ಕೊಡುವ ಪುಡಿ ಮೂಳೆಯ ಬೆಳವಣಿಗೆಯನ್ನೇ ಕೆಡಿಸಬಲ್ಲದು.

ಈ ತಳಿಯ ಮತ್ತೊಂದು ಪಾಡು ಮೇದೋಜೀರಕ ಗ್ರಂಥಿಯದು. ಜೀರ್ಣಕ್ಕೆ ಬೇಕಾದ ಕಿಣ್ವ ಒಸರುವ ಜೀವಕೋಶಗಳು ಎಳೆಯ ವಯಸ್ಸಿನಲ್ಲೇ ನಾಶವಾಗಿ, ನಾಯಿ ಬಕಾಸುರನಂತೆ ತಿಂದರೂ ಪಕ್ಕೆಲುಬು ಎಣಿಸುವಷ್ಟು ಸೊರಗುತ್ತದೆ. ಮಲ ರಾಶಿರಾಶಿ, ಬಣ್ಣ ಪೇಲವ, ಜಿಡ್ಡು. ಜಂತುಹುಳುವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದುಂಟು. ಒಂದು ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ. ಪ್ರತಿ ಊಟದ ಜೊತೆ ಕಿಣ್ವದ ಪುಡಿ, ಬೇಕಾದರೆ ಬಿ12 ಕೊಟ್ಟರೆ ಬಹುಪಾಲು ನಾಯಿಗಳು ಚೇತರಿಸಿಕೊಳ್ಳುತ್ತವೆ. ಇದು ಒಂದೇ ವಂಶವಾಹಿಯ ಆಟವೆಂದು ಬಹುಕಾಲ ನಂಬಿದ್ದರು. ಕಾಯಿಲೆಯಿದ್ದ ಗಂಡುಹೆಣ್ಣು ಕೂಡಿ ಹುಟ್ಟಿದ ಮರಿಗಳೆಲ್ಲಕ್ಕೂ ಅದು ಬರಲಿಲ್ಲವೆಂದು ಕಂಡಾಗ ಆ ಲೆಕ್ಕ ತಪ್ಪಿತು.

ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವ ಅಪಾಯ ಆಳವಾದ ಎದೆಯ ಎಲ್ಲ ದೊಡ್ಡ ನಾಯಿಗಳಿಗೂ ಇದೆ. ತಂದೆತಾಯಿ, ಒಡಹುಟ್ಟುಗಳಿಗೆ ಬಂದಿದ್ದರೆ ಇನ್ನೂ ಹೆಚ್ಚು. ನಾಯಿ ಓಕರಿಸುತ್ತಿದ್ದು ಏನೂ ಹೊರಬರದಿದ್ದರೆ ಬೆಳಗಾಗಲೆಂದು ಕಾಯಬಾರದು. ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ಹಾಗಾದರೆ ಎಸ್‌ಒಡಿ1ರಂತೆ ಡಿಎನ್‌ಎ ಪರೀಕ್ಷೆ ಇರುವ ಕಡೆಯಾದರೂ ಕೆಟ್ಟ ಪ್ರತಿ ಇರುವ ನಾಯಿಗಳನ್ನೆಲ್ಲ ಒಮ್ಮೆಲೇ ಸಂತಾನದಿಂದ ದೂರವಿಡಬಾರದೇ ಎಂದು ಕೇಳಬಹುದು. ಹಾಗೆ ಮಾಡುವುದು ಅವಿವೇಕ. ಮೊದಲೇ ಕಿರಿದಾದ ವಂಶದಿಂದ ಅಷ್ಟು ನಾಯಿಗಳನ್ನು ತೆಗೆದರೆ ಉಳಿದವು ಇನ್ನಷ್ಟು ಹತ್ತಿರದ ನೆಂಟರಾಗುತ್ತವೆ, ಅಡಗಿರುವ ಬೇರೆ ದೋಷಗಳು ಮೇಲೇಳುತ್ತವೆ. ಒಂದು ಕೆಟ್ಟ ಪ್ರತಿಯಿರುವ ಒಳ್ಳೆಯ ನಾಯಿಯನ್ನು ದೋಷವಿಲ್ಲದ ನಾಯಿಯ ಜೊತೆ ಕೂಡಿಸಿದರೆ ಯಾವ ಮರಿಗೂ ಎರಡು ಪ್ರತಿ ಬರುವುದಿಲ್ಲ. ಮುಂದಿನ ಸೂಲುಗಳಲ್ಲಿ ಆರಿಸುತ್ತ ಹೋಗಬಹುದು. ಇದಕ್ಕೆ ಬೇಕಾದದ್ದು ಹಲವು ತಲೆಮಾರಿನ ತಾಳ್ಮೆ, ಚಾಂಪಿಯನ್ ಗಂಡಿನ ಹಿಂದೆ ಎಲ್ಲರೂ ಓಡದ ಸಂಯಮ. ಎರಡನೆಯದು ಮೊದಲನೆಯದಕ್ಕಿಂತ ಅಪರೂಪ.

ಮರಿ ಕೊಳ್ಳುವವರು ಪದಕಗಳ ಫೋಟೋ ನೋಡಿ ಮರುಳಾಗುವ ಬದಲು ತಂದೆತಾಯಿಯ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್-ರೇ ವರದಿಯನ್ನೂ ಎಸ್‌ಒಡಿ1 ಪರೀಕ್ಷೆಯ ಫಲಿತಾಂಶವನ್ನೂ ಕೇಳಬೇಕು. ಆಮೇಲೆ ಅವುಗಳ ಒಡಹುಟ್ಟುಗಳ ಕೀಲು ಹೇಗಿದೆ ಎಂದು. ಆಮೇಲೆ ಅಜ್ಜ ಅಜ್ಜಿಯರು ಎಷ್ಟು ವರ್ಷ ಬದುಕಿದವು, ಯಾವುದರಿಂದ ಸತ್ತವು, ಕೊನೆಯ ವರ್ಷ ತಾವಾಗಿ ಎದ್ದು ನಡೆಯುತ್ತಿದ್ದವೇ ಎಂದು.