ಸಮುರಾಯ್ ಯಾಕೆ ಬೇಗ ಕತ್ತಿ ಹಿರಿಯುವುದಿಲ್ಲ?

ಜಪಾನಿನ ಹಳೆಯ ಕಾಲದ ಯೋಧರಾದ ಸಮುರಾಯ್‌ಗಳ ಮೇಲಿನ ನಾಲ್ಕೈದು ಅನಿಮೆ, ಅಂದರೆ ಅಲ್ಲಿನ ಕಾರ್ಟೂನ್ ಚಿತ್ರಗಳನ್ನು, ನೋಡಿದವರಿಗೆ ಈ ಮನುಷ್ಯ ಸಿಕ್ಕೇ ಸಿಕ್ಕಿರುತ್ತಾನೆ. ಒಡೆಯನಿಲ್ಲ, ನೆಲೆಯಿಲ್ಲ. ಹಿಂದೊಮ್ಮೆ ತುಂಬ ಜನರನ್ನು ಕೊಂದವನು. ಸೊಂಟದಲ್ಲಿ ಈಗಲೂ ಕತ್ತಿ ಇದೆ, ಹಿರಿಯಲು ಮಾತ್ರ ಮನಸ್ಸಿಲ್ಲ.

2007ರ 'ಸ್ವೋರ್ಡ್ ಆಫ್ ದಿ ಸ್ಟ್ರೇಂಜರ್' ಚಿತ್ರದ ನಾಯಕನಿಗೆ ಹೆಸರೇ ಇಲ್ಲ. ಕತ್ತಿಯನ್ನು ಒರೆಗೆ ಸೇರಿಸಿ ಹಗ್ಗದಿಂದ ಬಿಗಿದುಬಿಟ್ಟಿದ್ದಾನೆ. 'ರುರೌನಿ ಕೆನ್‌ಶಿನ್'ನ ನಾಯಕನ ಕತ್ತಿಯಂತೂ ತಿರುಗುಮುರುಗು: ಹರಿತ ಇರುವುದು ಅವನ ಕಡೆಗೆ, ಎದುರಾಳಿಗೆ ತಾಗುವುದು ಮೊಂಡು ಬದಿ. ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಸಾಕು, ಅದೇ ಕತ್ತಿ ಕೊಲ್ಲುತ್ತದೆ. ಇನ್ನು ಕೊಲ್ಲುವುದಿಲ್ಲ ಅನ್ನುವ ಅವನ ಮಾತು ಅಷ್ಟರಲ್ಲೇ ನಿಂತಿದೆ.

ಇಂಥ ಒಡೆಯನಿಲ್ಲದವನು ಬರೀ ಕಲ್ಪನೆಯ ಕೂಸಲ್ಲ. 1600ರ ಸೆಕಿಗಹಾರಾ ಯುದ್ಧ ಗೆದ್ದ ತೊಕುಗಾವಾ ಇಯೆಯಾಸು, ಎದುರು ಪಕ್ಷದ ಎಷ್ಟೋ ಒಡೆಯರ ಸೀಮೆಗಳನ್ನು ಕಿತ್ತುಕೊಂಡ. ಅವರನ್ನೇ ನಂಬಿದ್ದ ಸಮುರಾಯ್‌ಗಳು ರೋನಿನ್ ಆದರು, ಅಂದರೆ ಒಡೆಯನಿಲ್ಲದವರು. ಕೊನೆಗೆ 1876ರಲ್ಲಿ, ತೊಕುಗಾವಾ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ನಿಷೇಧಿಸಿತು. ಕೆನ್‌ಶಿನ್ ಕಥೆ ನಡೆಯುವುದು 1878ರಲ್ಲಿ. ಸೊಂಟದ ಕತ್ತಿ ನೋಡಿದ ಕೂಡಲೇ ಪೊಲೀಸರು ಅವನ ಬೆನ್ನು ಹತ್ತುವುದು ಅದಕ್ಕೇ.

ಇನ್ನು ಕತ್ತಿ ಹಿರಿಯುವ ಮುಂಚಿನ ಆ ಕಾಯುವಿಕೆ. ಇಬ್ಬರು ಎದುರುಬದುರು ನಿಂತಿದ್ದಾರೆ, ಗಾಳಿಗೆ ಹುಲ್ಲು ಅಲುಗುತ್ತಿದೆ. ಆಮೇಲೆ ಪರದೆ ತುಂಬ ಒಂದು ಹೆಬ್ಬೆರಳು. ಒರೆಯ ಬಾಯಿಗೆ ಜಪಾನಿಯರು 'ಕೊಯಿಗುಚಿ' ಅನ್ನುತ್ತಾರೆ, ಕಾರ್ಪ್ ಮೀನಿನ ಬಾಯಿ ಅಂತ ಅರ್ಥ. ಕತ್ತಿ ತಾನಾಗಿ ಜಾರಬಾರದಲ್ವಾ? ಅದಕ್ಕೆ ಅಲಗಿನ ಬುಡದ ಲೋಹದ ಪಟ್ಟಿ ಆ ಬಾಯಲ್ಲಿ ಬಿಗಿಯಾಗಿ ಕೂತಿರುತ್ತದೆ. ಹಿಡಿಯ ಕೆಳಗಿನ ಬಿಲ್ಲೆಯನ್ನು ಹೆಬ್ಬೆರಳು ಮುಂದಕ್ಕೆ ಒತ್ತಿದಾಗ ಆ ಬಿಗಿ ಬಿಡುತ್ತದೆ. ಟಕ್! ಬೆರಳಗಲದಷ್ಟು ಉಕ್ಕು ಹೊಳೆಯುತ್ತದೆ. ಎದುರಾಳಿಗೂ ನಮಗೂ ಅಷ್ಟು ಸಾಕು.

ಸಮುರಾಯ್ ಸಿನಿಮಾಗಳಲ್ಲಿ ಈ ಕಾಯುವಿಕೆ ಮೊದಲೇ ಇತ್ತು. ಅನಿಮೆಗೆ ಅದು ಇನ್ನೂ ಜಾಸ್ತಿ ಒಗ್ಗಿತು. 1963ರಲ್ಲಿ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಟಿವಿಗೆ ಅನಿಮೆಯ ವಾರಕ್ಕೊಂದು ಕಂತು ಕೊಡಲು ಹೊರಟಾಗ ದುಡ್ಡೂ ಕಡಿಮೆ, ಸಮಯವೂ ಕಡಿಮೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಒಂದೇ ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸಿದರೆ ಎಂಟೇ ಚಿತ್ರ ಸಾಕು. ಆಳು ಅಲುಗದೇ ನಿಂತರೆ? ಒಂದೇ ಚಿತ್ರ, ಜೊತೆಗೆ ಗಾಳಿಯ ಸದ್ದು. ಹೀಗೆ ಉಳಿಸಿದ ಶ್ರಮವನ್ನೆಲ್ಲ ಆ ಒಂದು ಹೊಡೆತಕ್ಕೆ ಸುರಿಯಬಹುದು. ಕೆಲವು ಸಲ ಆ ಹೊಡೆತವನ್ನೂ ಬರೆಯುವುದಿಲ್ಲ. ಒಂದು ಬಿಳಿ ಗೆರೆ ಮಿಂಚುತ್ತದೆ, ಇಬ್ಬರೂ ಬೆನ್ನು ಮಾಡಿ ನಿಂತಿರುತ್ತಾರೆ, ಒಬ್ಬ ಬೀಳುತ್ತಾನೆ. ನಡುವೆ ಏನಾಯಿತು ಅನ್ನುವುದನ್ನು ನಮ್ಮ ಮನಸ್ಸೇ ಬರೆದುಕೊಳ್ಳುತ್ತದೆ. ಕೈ ಬಿಗಿ ಹಿಡಿದು ದುಡಿದವರ ಈ ಉಪಾಯದ ಮುಂದೆ ಎಷ್ಟೋ ದುಬಾರಿ ಕಾದಾಟಗಳು ನನಗೆ ಸಪ್ಪೆ ಅನಿಸಿವೆ.

ಆ ಹೆಸರಿಲ್ಲದವನ ಚಿತ್ರ ನೋಡುವಾಗಲಂತೂ ನನ್ನ ಕಣ್ಣು ಅವನ ಮುಖದ ಮೇಲಿರಲಿಲ್ಲ. ಒರೆಗೆ ಬಿಗಿದ ಆ ಗಂಟಿನ ಮೇಲೇ ಇತ್ತು.