ಹಳೇ ಕಂಪ್ಯೂಟರು, ಹೊಸ ಕಂಪ್ಯೂಟರು, ನಡುವೆ ಒಂದು ಕೇಬಲ್

ಡಿಟಿಪಿ ಅಂಗಡಿ, ಆಡಿಟರ್ ಆಫೀಸು, ಹಾಲಿನ ಸೊಸೈಟಿ, ಸಣ್ಣ ಪ್ರೆಸ್ಸು. ಇಲ್ಲೆಲ್ಲ ವಿಂಡೋಸ್ 7 ಅಥವಾ ಎಕ್ಸ್‌ಪಿಯ ಒಂದು ಡೆಸ್ಕ್‌ಟಾಪ್ ಟೇಬಲ್ ಕೆಳಗೆ ಇನ್ನೂ ಓಡುತ್ತಿರುತ್ತದೆ. ಅದನ್ನು ಉಳಿಸಿಕೊಂಡಿರುವುದು ಜಿಪುಣತನದಿಂದಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ 7ರಲ್ಲಿ ಕೂಡಿಟ್ಟ ಫೈಲುಗಳು, ಡಾಂಗಲ್ (ಪರವಾನಗಿಯ ಪುಟ್ಟ ಕೀಲಿ) ಚುಚ್ಚಿದರಷ್ಟೇ ತೆರೆಯುವ ಕನ್ನಡ ತಂತ್ರಾಂಶ, ಪ್ಯಾರಲಲ್ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂ, ಇವೆಲ್ಲ ಹೊಸ ಯಂತ್ರಕ್ಕೆ ಸುಲಭವಾಗಿ ಬರುವಂಥವಲ್ಲ. ವಿಂಡೋಸ್ 11 ಸಿಗುವುದು 64 ಬಿಟ್ಟಿನಲ್ಲಿ ಮಾತ್ರ, 64 ಬಿಟ್ ವಿಂಡೋಸ್ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ. ಹೀಗಾಗಿ ಎರಡೂ ಬೇಕು, ಎರಡರ ನಡುವೆ ಫೈಲು ಓಡಾಡಲೂ ಬೇಕು.

ಇಬ್ಬರನ್ನೂ ಒಂದೇ ವೈಫೈ ರೌಟರಿಗೆ ಸೇರಿಸಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದು ಬೇಡ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ ನಿಂತದ್ದು 2020ರ ಜನವರಿ 14ಕ್ಕೆ. ಆಮೇಲೆ ಪತ್ತೆಯಾದ ಭದ್ರತಾ ಲೋಪಗಳು ಆ ಯಂತ್ರಗಳಲ್ಲಿ ಬಹುತೇಕ ಹಾಗೇ ಉಳಿದಿವೆ. ಹೊಸದು ವೈಫೈಯಿಂದ ಇಂಟರ್ನೆಟ್ ಪಡೆಯಲಿ. ಅದರ ಲ್ಯಾನ್ ಪೋರ್ಟ್ ಖಾಲಿ ಇರುತ್ತದಲ್ಲ, ಅಲ್ಲಿಂದ ಹಳೆಯದಕ್ಕೆ ನೇರವಾಗಿ ಒಂದು ಕೇಬಲ್ ಎಳೆಯಿರಿ. ಹಳೆಯದಕ್ಕೆ ಹೊಸದು ಮಾತ್ರ ಕಾಣಬೇಕು, ಬೇರೇನೂ ಕಾಣಬಾರದು. ಮುಂದೆ ಹೇಳುವ ಸೆಟ್ಟಿಂಗುಗಳೆಲ್ಲ ಇದಕ್ಕಾಗಿಯೇ.

ಮೊದಲು ಒಂದು ಎಚ್ಚರಿಕೆ. ಎರಡೂ ತುದಿಯಲ್ಲಿ ಅದೇ ಚಪ್ಪಟೆ ಯುಎಸ್‌ಬಿ ಪ್ಲಗ್ ಇರುವ ಸಾದಾ ಕೇಬಲ್ ತಂದು ಎರಡು ಕಂಪ್ಯೂಟರಿಗೂ ಚುಚ್ಚಬೇಡಿ. ಎರಡೂ 5 ವೋಲ್ಟ್ ಕೊಡುವ ಯಂತ್ರಗಳೇ. ಎರಡು ಸರಬರಾಜು ಎದುರುಬದುರಾದರೆ ಪೋರ್ಟ್ ಸುಡಬಹುದು, ಫೈಲಂತೂ ಹೋಗುವುದಿಲ್ಲ. ನಡುವೆ ಚಿಪ್ ಇರುವ ಬ್ರಿಡ್ಜ್ ಕೇಬಲ್ ಎಂಬುದೊಂದಿದೆ, ಆದರೆ ಲ್ಯಾನ್ ಇರುವಾಗ ಅದರ ಗೋಜೇಕೆ?

ಲ್ಯಾನ್ ಕೇಬಲ್ ಕ್ಯಾಟ್ 5ಇ ಅಥವಾ ಕ್ಯಾಟ್ 6 ಆಗಿರಲಿ. 100 ಮೀಟರ್ ತನಕ ನಡೆಯುತ್ತದೆ. ಎರಡು ಯಂತ್ರಗಳಲ್ಲಿ ಒಂದರ ಪೋರ್ಟ್ ಗಿಗಾಬಿಟ್ಟಿನದಾಗಿದ್ದರೂ ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ನೇರ ಕೇಬಲ್ ಸಾಕು, ಯಾವ ಜೋಡಿಯಲ್ಲಿ ಕಳಿಸಬೇಕು, ಯಾವುದರಲ್ಲಿ ಕೇಳಬೇಕು ಎಂಬುದನ್ನು ಆ ಪೋರ್ಟ್ ತಾನೇ ಅದಲುಬದಲು ಮಾಡಿಕೊಳ್ಳುತ್ತದೆ. ಎರಡೂ 100 ಮೆಗಾಬಿಟ್ಟಿನ ಹಳೇ ಪೋರ್ಟುಗಳಾದರೆ ಕ್ರಾಸ್‌ಓವರ್ ಕೇಬಲ್ ಬೇಕಾಗಬಹುದು. ಕ್ರಿಂಪಿಂಗ್ ಟೂಲ್ ಇದ್ದವರು ಒಂದು ತುದಿಗೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮ ಹಾಕಬೇಕು. ಇನ್ನೊಂದು ತುದಿಯಲ್ಲಿ ಕಿತ್ತಳೆಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕಿತ್ತಳೆ. ಅಂದರೆ 1, 2ನೇ ಪಿನ್ನುಗಳು ಆಚೆ 3, 6ಕ್ಕೆ ಹೋಗುತ್ತವೆ.

ಹಸಿರು ಜೋಡಿ 3 ಮತ್ತು 4ಕ್ಕೆ ಹೋಗದೆ 3 ಮತ್ತು 6ಕ್ಕೆ ಹೋಗುವುದು ಯಾಕೆಂದು ತಿಳಿಯದವರೇ ಇಲ್ಲಿ ಎಡವುವುದು. ಜೋಡಿ ತಂತಿಗಳನ್ನು ಹೆಣೆದಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಸ್ವೀಕರಿಸುವ ಕಡೆ ಎರಡರ ವ್ಯತ್ಯಾಸವನ್ನಷ್ಟೇ ಓದುತ್ತಾರೆ, ಗದ್ದಲ ಕಳೆದುಹೋಗುತ್ತದೆ. ಎರಡು ತುದಿಯಲ್ಲೂ ಬಣ್ಣ ಸಾಲಾಗಿ ಜೋಡಿಸಿದರೆ ಸಂಕೇತದ ಎರಡು ತಂತಿಗಳು ಬೇರೆ ಬೇರೆ ಹೆಣಿಗೆಗೆ ಸೇರಿಬಿಡುತ್ತವೆ. ಟೆಸ್ಟರಿನಲ್ಲಿ ಎಂಟೂ ದೀಪ ಸರಿಯಾಗಿ ಹತ್ತುತ್ತವೆ, ಕೇಬಲ್ ಉದ್ದವಾದಷ್ಟೂ ಫೈಲ್ ಕಾಪಿ ಮಾತ್ರ ಒದ್ದಾಡುತ್ತದೆ. ದೋಷ ಸಾಫ್ಟ್‌ವೇರಿನದೆಂದು ವಿಂಡೋಸನ್ನೇ ಮತ್ತೆ ಹಾಕಿದವರುಂಟು.

ವೇಗದ ಲೆಕ್ಕ ಹೀಗಿದೆ. 100 ಮೆಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಹೋಗುತ್ತದೆ, 100 ಜಿಬಿ ಸಾಗಿಸಲು ಎರಡೂವರೆ ಗಂಟೆ. ಹಳೆಯದಕ್ಕೆ ಒಂದು ಗಿಗಾಬಿಟ್ ಪಿಸಿಐ ಕಾರ್ಡ್ ಹಾಕಿದರೆ ಹತ್ತು ಪಟ್ಟು ಸಿಗುತ್ತದೆ ಎಂದು ಎಣಿಸಬೇಡಿ, ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ 50 ಮೆಗಾಬೈಟ್ ಓದಿದರೆ ಅದೇ ಮಿತಿ. ಕಾಪಿ ವಿಪರೀತ ನಿಧಾನವಾದರೆ ಲ್ಯಾನ್ ಕಾರ್ಡಿನ ಸೆಟ್ಟಿಂಗಿನಲ್ಲಿ ‘ಸ್ಪೀಡ್ ಅಂಡ್ ಡ್ಯುಪ್ಲೆಕ್ಸ್’ ನೋಡಿ. ಒಂದು ಕಡೆ ಯಾರೋ ‘100 ಫುಲ್’ ಎಂದು ಬಿಗಿದು, ಇನ್ನೊಂದು ಕಡೆ ‘ಆಟೊ’ ಇದ್ದರೆ, ಆಟೊ ಇರುವ ಕಡೆಗೆ ವೇಗ ಗೊತ್ತಾಗುತ್ತದೆ, ಡ್ಯುಪ್ಲೆಕ್ಸ್ (ಒಟ್ಟಿಗೇ ಕಳಿಸುತ್ತ ಕೇಳುವುದೋ, ಸರದಿಯಲ್ಲೋ ಎಂಬುದು) ಗೊತ್ತಾಗುವುದಿಲ್ಲ. ಅದು ಹಾಫ್ ಎಂದುಕೊಂಡು ಸರದಿಗೆ ಕಾಯುತ್ತದೆ, ಆಚೆಯದು ಕಾಯದೆ ಕಳಿಸುತ್ತದೆ. ಎರಡೂ ಕಡೆ ಆಟೊ ಇಡಿ.

ಅರ್ಥಿಂಗ್ ಬಗ್ಗೆಯೂ ಒಂದು ಮಾತು. ಅರ್ಥ್ ಇಲ್ಲದ ಸಾಕೆಟ್ಟಿಗೆ ಹಾಕಿದ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಒಳಗಿನ ಫಿಲ್ಟರ್ ಕೆಪ್ಯಾಸಿಟರುಗಳಿಂದ. ಅವು ಕ್ಯಾಬಿನೆಟ್ಟನ್ನು ಮೇನ್ಸ್‌ನ ಸುಮಾರು ಅರ್ಧ ವೋಲ್ಟೇಜಿನಲ್ಲಿ ನಿಲ್ಲಿಸುತ್ತವೆ, ಕರೆಂಟ್ ಮಾತ್ರ ಅತ್ಯಲ್ಪ. ಲ್ಯಾನ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಲೋಹದ ಹೊದಿಕೆಯಿಲ್ಲದ ಸಾದಾ ಕೇಬಲಿನಲ್ಲಿ ಈ ವೋಲ್ಟೇಜ್ ದಾಟುವುದಿಲ್ಲ. ಮಾನಿಟರಿನ ವಿಜಿಎ ಕೇಬಲಿಗೂ ಪ್ರಿಂಟರ್ ಕೇಬಲಿಗೂ ಆ ರಕ್ಷಣೆ ಇಲ್ಲ. ಆದ್ದರಿಂದ ಕೆವಿಎಂ ಸ್ವಿಚ್ ಹಾಕಿ ಎರಡಕ್ಕೂ ಒಂದೇ ಮಾನಿಟರ್ ಬಳಸುವವರು ಎರಡು ಯಂತ್ರಗಳನ್ನೂ ಅರ್ಥ್ ಇರುವ ಒಂದೇ ಬೋರ್ಡಿಗೆ ಹಾಕಬೇಕು.

ಈಗ ವಿಳಾಸ. ರೌಟರ್ ಇದ್ದರೆ ಅದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಹಂಚುತ್ತದೆ. ನೇರ ಕೇಬಲಿನಲ್ಲಿ ಹಂಚುವವರಿಲ್ಲ, ವಿಂಡೋಸ್ ಸ್ವಲ್ಪ ಹೊತ್ತು ಕಾದು 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಳ್ಳುತ್ತದೆ. ಅದರಲ್ಲೂ ಕೆಲಸ ನಡೆದೀತು, ಆದರೆ ವಿಳಾಸ ಬದಲಾಗುತ್ತಿದ್ದರೆ ತಲೆನೋವು. ಹೊಸದಕ್ಕೆ 192.168.50.1, ಹಳೆಯದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಕೊಡಿ. ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲಿನ ವಿಳಾಸ) ಮತ್ತು ಡಿಎನ್‌ಎಸ್ (ಜಾಲತಾಣದ ಹೆಸರನ್ನು ವಿಳಾಸವಾಗಿಸುವ ಸೇವೆ) ಖಾಲಿ ಬಿಡಿ. ಹಳೆಯದಕ್ಕೆ ಗೇಟ್‌ವೇ ಇಲ್ಲದಿದ್ದರೆ ಅದರಿಂದ ಇಂಟರ್ನೆಟ್ಟಿಗೆ ದಾರಿಯಿಲ್ಲ, ನಮಗೆ ಬೇಕಾದದ್ದೂ ಅದೇ. 50ರ ಬದಲು 0 ಅಥವಾ 1 ಹಾಕಬೇಡಿ. ಮನೆ ರೌಟರುಗಳು ಬಹುತೇಕ 192.168.0 ಅಥವಾ 192.168.1 ಬಳಸುತ್ತವೆ. ವೈಫೈಗೂ ಕೇಬಲಿಗೂ ಒಂದೇ ಸರಣಿ ಬಂದರೆ ಯಾವ ಕಡೆ ಕಳಿಸಬೇಕೆಂದು ಹೊಸ ಯಂತ್ರಕ್ಕೆ ಗೊಂದಲವಾಗಿ ಒಮ್ಮೆ ನೆಟ್ ಹೋಗುತ್ತದೆ, ಒಮ್ಮೆ ಹಳೇ ಯಂತ್ರ ಮಾಯವಾಗುತ್ತದೆ.

ಇಷ್ಟಾದ ಮೇಲೆ ಪಿಂಗ್ (ಆಚೆಯ ಯಂತ್ರ ಸಿಗುತ್ತದೆಯೇ ಎಂದು ಕೇಳುವ ಆಜ್ಞೆ) ಮಾಡಿದರೆ ಉತ್ತರ ಬರುವುದಿಲ್ಲ ಎಂದು ಕೇಬಲ್ ಕಿತ್ತುಹಾಕಬೇಡಿ. ವಿಂಡೋಸ್ ಒಂದು ನೆಟ್‌ವರ್ಕನ್ನು ಗುರುತಿಸುವುದು ಗೇಟ್‌ವೇ ಮೂಲಕ. ನಾವು ಅದನ್ನು ಕೊಟ್ಟಿಲ್ಲ, ಹಾಗಾಗಿ ಇದು ‘ಅನ್‌ಐಡೆಂಟಿಫೈಡ್’ ಆಗಿ ‘ಪಬ್ಲಿಕ್’ ಗುಂಪಿಗೆ ಬೀಳುತ್ತದೆ, ಫೈರ್‌ವಾಲ್ ಬಾಗಿಲು ಹಾಕಿಕೊಳ್ಳುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟಕ್ಕೆ ಹೋಗಿ ‘ಪ್ರೈವೇಟ್’ ಆರಿಸಿ. ವಿಂಡೋಸ್ 7ರಲ್ಲಿ ಈ ಆಯ್ಕೆ ಒತ್ತಲು ಬಾರದಿದ್ದರೆ ಫೈರ್‌ವಾಲಿನ ಪಟ್ಟಿಯಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎದುರು ಪಬ್ಲಿಕ್ ಕಾಲಮ್ಮಿಗೂ ಟಿಕ್ ಹಾಕಬಹುದು. ಆ ಯಂತ್ರಕ್ಕೆ ಈ ಒಂದೇ ತಂತಿ ಇರುವವರೆಗೆ ಅಪಾಯವಿಲ್ಲ. ಬೇರೆ ತಂತಿ, ವೈಫೈ ಡಾಂಗಲ್ ಸೇರಿಸಿದ ದಿನ ಟಿಕ್ ತೆಗೆಯಿರಿ.

ನಿಜವಾದ ಜಗಳ ಇರುವುದು ಇದರಾಚೆ. ವಿಂಡೋಸ್ ಯಂತ್ರಗಳು ಫೈಲ್ ಹಂಚಿಕೊಳ್ಳುವ ನಿಯಮಾವಳಿಗೆ ಎಸ್‌ಎಂಬಿ ಎಂದು ಹೆಸರು. ಎಕ್ಸ್‌ಪಿಗೆ ಬರುವುದು ಅದರ ಒಂದನೇ ಆವೃತ್ತಿ ಮಾತ್ರ. ವಿಸ್ಟಾದೊಂದಿಗೆ ಎರಡನೆಯದು ಬಂತು, ವಿಂಡೋಸ್ 7ರದು 2.1, ವಿಂಡೋಸ್ 8ರಿಂದ ಮೂರನೆಯದು. ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಭಾಷೆ ಹುಡುಕಿಕೊಳ್ಳುವಂತೆ ಎರಡು ಯಂತ್ರಗಳೂ ಇಬ್ಬರಿಗೂ ಗೊತ್ತಿರುವ ಹೆಚ್ಚಿನ ಆವೃತ್ತಿಯನ್ನು ಮೊದಲು ಒಪ್ಪಿಕೊಳ್ಳುತ್ತವೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ಒಂದನೇ ಆವೃತ್ತಿಯ ಲೋಪ ಹಿಡಿದು. ಆ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮುಂದೆ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಅದರ ಸರ್ವರ್ ಭಾಗ, ಅಂದರೆ ಫೈಲನ್ನು ಬೇರೆ ಯಂತ್ರಗಳಿಗೆ ಕೊಡುವ ಭಾಗ, ತಾನಾಗಿ ಬರುವುದಿಲ್ಲ. ‘ಒಂದನೇ ಎಸ್‌ಎಂಬಿ ಆನ್ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತದೆ. ಸರಿಹೋಗುತ್ತದೆ, ನಿಜ. ಆದರೆ ವೈಫೈಗೂ ಅಂಟಿಕೊಂಡಿರುವ ಹೊಸ ಯಂತ್ರದಲ್ಲಿ ಆ ಹಳೇ ಕಿಂಡಿಯನ್ನು ಮತ್ತೆ ತೆರೆದಂತಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದು ಬೇಡವೇ ಬೇಡ.

ಹಳೆಯದು ವಿಂಡೋಸ್ 7 ಆದರೆ ಅದರ ಅಗತ್ಯವೂ ಇಲ್ಲ. ಅಲ್ಲಿ ತೊಂದರೆ ಬರುವುದು ಪಾಸ್‌ವರ್ಡಿನಿಂದ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಹೊಸ ಯಂತ್ರದಲ್ಲಿ ನೀವು ದಿನಾ ಹಾಕುವ ನಾಲ್ಕಂಕಿಯ ಪಿನ್ ಆ ಯಂತ್ರದ ಮುಂದೆ ಕೂತಾಗ ಮಾತ್ರ ನಡೆಯುತ್ತದೆ, ತಂತಿಯ ಮೇಲೆ ನಡೆಯುವುದಿಲ್ಲ. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಿಂದ ಅತಿಥಿಯಾಗಿ ಒಳಬರುವ ದಾರಿಯೂ ಮುಚ್ಚಿದೆ. ಪರಿಹಾರ ಸರಳ: ಹೊಸದರಲ್ಲಿ ‘ಅದರ್ ಯೂಸರ್ಸ್’ ಪುಟದಿಂದ, ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಒಂದು ಲೋಕಲ್ ಖಾತೆ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ, ಅಡ್ಮಿನ್ ಹಕ್ಕು ಕೊಡಬೇಡಿ.

ಆಮೇಲೆ ಹೊಸ ಯಂತ್ರದಲ್ಲಿ ಒಂದೇ ಒಂದು ಫೋಲ್ಡರ್ ಶೇರ್ ಮಾಡಿ. ಇಡೀ ಡಿ ಡ್ರೈವ್ ಕೊಟ್ಟರೆ ಹಳೆಯದಕ್ಕೆ ಪೆನ್‌ಡ್ರೈವಿನಿಂದ ಬಂದ ವೈರಸ್ಸಿಗೂ ಇಡೀ ಡಿ ಡ್ರೈವ್ ಕೊಟ್ಟಹಾಗೆ. ಅನುಮತಿ ಎರಡು ಕಡೆ ಇರುತ್ತದೆ: ‘ಶೇರಿಂಗ್’ ಟ್ಯಾಬಿನಲ್ಲಿ ಒಂದು, ‘ಸೆಕ್ಯುರಿಟಿ’ ಟ್ಯಾಬಿನಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಮೊದಲನೆಯದರಲ್ಲಿ ‘ಚೇಂಜ್’, ಎರಡನೆಯದರಲ್ಲಿ ‘ಮಾಡಿಫೈ’ ಆ ಹೊಸ ಖಾತೆಗೆ ಸಿಗಬೇಕು.

ಹಳೆಯದರಲ್ಲಿ ‘ನೆಟ್‌ವರ್ಕ್’ ಐಕಾನ್ ಒತ್ತಿ ಕಾಯುವುದು ವ್ಯರ್ಥ, ಹೆಸರು ಹುಡುಕುವ ವಿಧಾನಗಳು ಹಳತರಿಂದ ಹೊಸತಕ್ಕೆ ಬದಲಾಗಿವೆ. ವಿಳಾಸಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ 192.168.50.1 ಎಂದು ಟೈಪಿಸಿ. ಫೋಲ್ಡರ್ ಕಂಡ ಮೇಲೆ ಅದನ್ನು ಝಡ್ ಡ್ರೈವ್ ಆಗಿ ಮ್ಯಾಪ್ ಮಾಡಿಕೊಂಡರೆ ಪೇಜ್‌ಮೇಕರಿನಂಥ ಹಳೇ ಪ್ರೋಗ್ರಾಂಗಳಿಗೂ ಸಲೀಸು. ಹೊಸ ಯಂತ್ರ ನಿದ್ದೆಗೆ ಜಾರಿದರೆ ಝಡ್ ಡ್ರೈವ್ ಮಾಯ, ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ‘ನೆವರ್’ ಇರಲಿ.

ಎಕ್ಸ್‌ಪಿ ಇರುವವರಿಗೆ ಎಫ್‌ಟಿಪಿ ದಾರಿ ಇದೆ. ಅದು ಫೈಲ್ ಸಾಗಿಸುವ ಇನ್ನೊಂದು ಹಳೇ ನಿಯಮಾವಳಿ. ಹೊಸ ಯಂತ್ರದಲ್ಲಿ ಫೈಲ್‌ಝಿಲ್ಲಾ ಸರ್ವರ್ ಹಾಕಿ, ಅದು 192.168.50.1ರಲ್ಲಿ ಮಾತ್ರ ಕೇಳುವಂತೆ ಇಡಿ, ವೈಫೈ ಕಡೆ ಬೇಡ. ಎಕ್ಸ್‌ಪಿಯ ಎಕ್ಸ್‌ಪ್ಲೋರರಿಗೆ ಗೂಢಲಿಪಿಯ ಎಫ್‌ಟಿಪಿ ಗೊತ್ತಿಲ್ಲದ್ದರಿಂದ ಸಾದಾ ಎಫ್‌ಟಿಪಿಗೆ ಅನುಮತಿ ಕೊಡಬೇಕಾಗುತ್ತದೆ. ಎರಡೇ ಯಂತ್ರಗಳ ನಡುವಿನ ತಂತಿಯಲ್ಲಿ ಕದ್ದು ಕೇಳುವವರಿಲ್ಲ, ನಡೆಯುತ್ತದೆ. ಫೈರ್‌ವಾಲಿನಲ್ಲಿ 21ನೇ ಪೋರ್ಟ್ ಒಂದನ್ನೇ ತೆರೆದರೆ ಲಾಗಿನ್ ಆಗಿ, ಪಟ್ಟಿ ಬರುವಷ್ಟರಲ್ಲಿ ನಿಂತುಬಿಡಬಹುದು. ಎಫ್‌ಟಿಪಿಯಲ್ಲಿ ಮಾತಿಗೆ ಒಂದು ಪೋರ್ಟ್, ಫೈಲಿಗೆ ಇನ್ನೊಂದು. ಆದ್ದರಿಂದ ಪೋರ್ಟಿಗಲ್ಲ, ಆ ಪ್ರೋಗ್ರಾಮಿಗೇ ಅನುಮತಿ ಕೊಡಿ.

ಪ್ರಿಂಟರ್ ವಿಷಯದಲ್ಲಿ ಒಂದು ಉಪಾಯ ಗೊತ್ತಿದ್ದರೆ ಸಾಕು. 2021ರ ಪ್ರಿಂಟ್‌ನೈಟ್‌ಮೇರ್ ಲೋಪದ ನಂತರ ವಿಂಡೋಸ್ ಪ್ರಿಂಟರ್ ಹಂಚಿಕೆಯನ್ನು ಬಿಗಿ ಮಾಡುತ್ತ ಬಂದಿದೆ, ವಿಂಡೋಸ್ 7ರಲ್ಲಿರುವ ಪ್ರಿಂಟರನ್ನು ಹೊಸದರಿಂದ ಮಾಮೂಲಾಗಿ ಸೇರಿಸಲು ಹೋದರೆ ಡ್ರೈವರ್ ಹಂತದಲ್ಲೇ ಮುಗ್ಗರಿಸುತ್ತದೆ. ಹಾಗಾಗಿ ಹಳೆಯದರಲ್ಲೂ ಪಾಸ್‌ವರ್ಡ್ ಇರುವ ಖಾತೆ ಇಟ್ಟು, ಹೊಸದರಲ್ಲಿ ಆ ಪಾಸ್‌ವರ್ಡ್ ಒಮ್ಮೆ ಕೊಟ್ಟು ಉಳಿಸಿ. ಬಳಿಕ ‘ಲೋಕಲ್ ಪೋರ್ಟ್’ ಆಯ್ಕೆಯಲ್ಲಿ ಹಳೆಯದರ ವಿಳಾಸವನ್ನೂ ಪ್ರಿಂಟರಿನ ಶೇರ್ ಹೆಸರನ್ನೂ ಪೋರ್ಟಿನ ಹೆಸರಾಗಿ ಬರೆಯಿರಿ. 64 ಬಿಟ್ಟಿನ ಡ್ರೈವರನ್ನು ಹೊಸ ಯಂತ್ರದಲ್ಲೇ ಆರಿಸಿ. ‘ಜೆನರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಇಂಗ್ಲಿಷ್ ಬಿಲ್ಲಿಗೆ ಸಾಕು. ಕನ್ನಡ ಅಚ್ಚಾಗಬೇಕಾದರೆ ಅಕ್ಷರಗಳು ಚಿತ್ರವಾಗಿ ಹೋಗಬೇಕು, ಅದಕ್ಕೆ ಆ ಪ್ರಿಂಟರಿನದೇ ಡ್ರೈವರ್ ಬೇಕು.

ಸಂಪರ್ಕ ಸಿಕ್ಕಿದ ದಿನವೇ ಹಳೇ ಡಿಸ್ಕಿನಲ್ಲಿರುವುದನ್ನೆಲ್ಲ ಕಾಪಿ ಮಾಡಿಕೊಳ್ಳಿ. ವಿಸ್ಟಾದಿಂದೀಚೆಗೆ ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಎಂಬ ಆಜ್ಞೆ ಈ ಕೆಲಸಕ್ಕೆ ಮೌಸಿನಿಂದ ಎಳೆದು ಹಾಕುವುದಕ್ಕಿಂತ ಎಷ್ಟೋ ಮೇಲು, ಸಂಪರ್ಕ ತಪ್ಪಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಓದಲಾಗದ ಫೈಲ್ ಸಿಕ್ಕಿದರೆ ಅದು ಮತ್ತೆ ಯತ್ನಿಸುವ ಮೂಲ ಸಂಖ್ಯೆ 10 ಲಕ್ಷ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾಯುತ್ತದೆ. ಸವೆದ ಡಿಸ್ಕಿನಲ್ಲಿ ಒಂದು ಕೆಟ್ಟ ಸೆಕ್ಟರ್ ಸಾಕು, ಬೆಳಗ್ಗೆ ಬಂದು ನೋಡಿದರೆ ಅದೇ ಫೈಲಿನಲ್ಲಿ ನಿಂತಿರುತ್ತದೆ. ಎಷ್ಟು ಸಲ ಯತ್ನಿಸಬೇಕೆಂದು ಹೇಳುವ ಆರ್ ಸ್ವಿಚ್ಚಿಗೆ (/R) 2, ಎಷ್ಟು ಸೆಕೆಂಡ್ ಕಾಯಬೇಕೆಂದು ಹೇಳುವ ಡಬ್ಲ್ಯೂ ಸ್ವಿಚ್ಚಿಗೆ (/W) 5 ಕೊಡಿ. ಹಳೆಯದರ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದ್ದರೆ ತಾರೀಖು ಹಿಂದಕ್ಕೆ ಹೋಗಿರುತ್ತದೆ, ಇವತ್ತು ತಿದ್ದಿದ ಫೈಲೇ ಹಳತೆಂದು ತೋರಿ, ತಾರೀಖು ನೋಡಿ ಕಾಪಿ ಮಾಡುವ ಪ್ರೋಗ್ರಾಂ ಅದನ್ನು ಬಿಟ್ಟುಬಿಡುತ್ತದೆ.

ಕೊನೆಗೂ ಫೈಲ್ ಬಂತು, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೈಲ್ ಕೆಟ್ಟಿಲ್ಲ. ಹಳೇ ನುಡಿ, ಬರಹ, ಶ್ರೀಲಿಪಿಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಅದೇ ಫಾಂಟನ್ನು ಹೊಸದರಲ್ಲೂ ಹಾಕಿದರೆ ಓದಲು, ಅಚ್ಚು ಹಾಕಲು ಸಾಕು. ಹುಡುಕಲು, ವಾಟ್ಸಾಪಿಗೆ ಕಳಿಸಲು ಯೂನಿಕೋಡಿಗೆ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಖ್ಯೆ ಇರುವ ಪದ್ಧತಿ) ಪರಿವರ್ತಿಸಲೇಬೇಕು. ಪರಿವರ್ತಿಸಿದ ಮೇಲೆ ಮೊದಲು ನೋಡಬೇಕಾದ್ದು ಅರ್ಕಾವತ್ತು ಬರುವ ಪದಗಳನ್ನು. ಹಳೇ ಫಾಂಟಿನಲ್ಲಿ ‘ಸೂರ್ಯ’ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಯಕಾರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕಗಳು ತಪ್ಪುವುದುಂಟು. ಬರೀ ಪಠ್ಯವನ್ನು ಪರಿವರ್ತಿಸುವಾಗ ನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲಿದ್ದ ಹೆಸರು, ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ, ಅವನ್ನು ಮೊದಲೇ ಬೇರೆ ಎತ್ತಿಟ್ಟುಕೊಂಡು ಆಮೇಲೆ ಸೇರಿಸಿ. ಮೂಲ ಫೈಲನ್ನಂತೂ ಅಳಿಸಬೇಡಿ.