ಟೆಸ್ಟ್ ಕಿಟ್‌ನಿಂದ ಸ್ಕ್ಯಾನಿಂಗ್‌ವರೆಗೆ: ಅಮೆರಿಕದ ಗರ್ಭಿಣಿ ನೆರವು ಕೇಂದ್ರಗಳ ಕಥೆ

ಅಮೆರಿಕದಲ್ಲಿ ಈಗ ಸುಮಾರು 2,500 ಗರ್ಭಿಣಿ ನೆರವು ಕೇಂದ್ರಗಳಿವೆ. ಗರ್ಭಪಾತ ಮಾಡುವ ಕ್ಲಿನಿಕ್‌ಗಳಿಗಿಂತ ಇವೇ ಜಾಸ್ತಿ. ಬಹುತೇಕ ಕೇಂದ್ರಗಳನ್ನು ನಡೆಸುವವರು ಕ್ರೈಸ್ತರು. ಬಂದವಳು ಮಗುವನ್ನು ಉಳಿಸಿಕೊಳ್ಳಲಿ ಎನ್ನುವುದು ಅವರ ಆಸೆ.

ಮದುವೆಯಿಲ್ಲದೆ ಬಸುರಾದವರಿಗೆ ಕ್ರೈಸ್ತ ಸಂಸ್ಥೆಗಳು ಆಶ್ರಯ ಕೊಡುತ್ತಿದ್ದದ್ದು ಹಳೆಯ ಮಾತು. 1883ರಲ್ಲಿ ನ್ಯೂಯಾರ್ಕ್‌ನ ವ್ಯಾಪಾರಿ ಚಾರ್ಲ್ಸ್ ಕ್ರಿಟೆಂಟನ್, ತೀರಿಹೋದ ಪುಟ್ಟ ಮಗಳು ಫ್ಲಾರೆನ್ಸ್ ಹೆಸರಲ್ಲಿ ಬೀದಿಪಾಲಾದ ಹೆಂಗಸರಿಗೆ ಆಶ್ರಯ ತೆರೆದರು. ಮುಂದೆ ಅಂಥ ಮನೆಗಳು ದೇಶದ ತುಂಬ ಹಬ್ಬಿದವು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಗುಟ್ಟಾಗಿ ಹೆರಿಗೆಯಾಗಿ, ಮಗು ದತ್ತು ಹೋಗುತ್ತಿತ್ತು. ಬಲವಂತಕ್ಕೆ ಮಣಿದು ಮಗು ಕೊಟ್ಟೆವು ಎಂದು ಎಷ್ಟೋ ತಾಯಂದಿರು ಆಮೇಲೆ ಹೇಳಿದರು.

1960ರ ದಶಕದ ಕೊನೆಗೆ ಕೆಲವು ರಾಜ್ಯಗಳು ಗರ್ಭಪಾತ ಕಾನೂನು ಸಡಿಲಿಸತೊಡಗಿದವು. ಆಗ ಹುಟ್ಟಿದ್ದೇ ಈಗಿನ ರೂಪದ ಕೇಂದ್ರ. ರಾಬರ್ಟ್ ಪಿಯರ್ಸನ್ 1967ರಲ್ಲಿ ಹವಾಯಿಯಲ್ಲಿ ಒಂದನ್ನು ತೆರೆದರು. ಮರುವರ್ಷ ಕೆನಡಾದ ಟೊರಾಂಟೊದಲ್ಲಿ ಲೂಯಿಸ್ ಸಮ್ಮರ್‌ಹಿಲ್ ‘ಬರ್ತ್‌ರೈಟ್’ ಶುರು ಮಾಡಿದರು. ಮೊದಮೊದಲು ಇದು ಹೆಚ್ಚಾಗಿ ಕ್ಯಾಥೊಲಿಕರ ಕೆಲಸ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ರೋ ವರ್ಸಸ್ ವೇಡ್ ತೀರ್ಪು ಗರ್ಭಪಾತದ ಹಕ್ಕನ್ನು ಒಪ್ಪಿದ ಮೇಲೂ ಪ್ರೊಟೆಸ್ಟಂಟರು ನಿಧಾನವಾಗಿಯೇ ಕೈಹಾಕಿದರು. 1975ರಲ್ಲಿ ಅವರ ಕ್ರಿಶ್ಚಿಯನ್ ಆ್ಯಕ್ಷನ್ ಕೌನ್ಸಿಲ್ ಬಂತು, 1980ರಲ್ಲಿ ಬಾಲ್ಟಿಮೋರ್‌ನಲ್ಲಿ ಅದರ ಮೊದಲ ಕೇಂದ್ರ. ಇಂಥ ಕೇಂದ್ರಗಳ ಇವತ್ತಿನ ಒಕ್ಕೂಟ ‘ಕೇರ್ ನೆಟ್’ ಅದೇ.

ನನ್ನ ಪ್ರಕಾರ ಈ ಕೇಂದ್ರಗಳ ಇತಿಹಾಸ ಗೊತ್ತಾಗಬೇಕಾದರೆ ಅವು ಪುಕ್ಕಟೆಯಾಗಿ ಏನು ಕೊಟ್ಟವು ಅಂತ ನೋಡಬೇಕು. ಆರಂಭದಲ್ಲಿ ಜನರನ್ನು ಸೆಳೆದದ್ದು ಉಚಿತ ಬಸಿರು ಪರೀಕ್ಷೆ. ಆಗ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 1970ರ ದಶಕದ ಕೊನೆಗೆ ಕಿಟ್ ಬಂತು. ಕಾಲ ಕಳೆದಂತೆ ಅದು ಅಗ್ಗವೂ ಆಯಿತು. ಇನ್ನು ಅದಕ್ಕೋಸ್ಕರ ಯಾರು ಬರುತ್ತಾರೆ, ಅಲ್ವಾ? ಆ ಜಾಗಕ್ಕೆ ಸ್ಕ್ಯಾನಿಂಗ್ ಯಂತ್ರ ಬಂತು. ಮಗುವಿನ ಎದೆಬಡಿತ ಕಂಡರೆ ತಾಯಿಯ ಮನಸ್ಸು ಬದಲಾಗುತ್ತದೆ ಎಂಬ ನಂಬಿಕೆ. 2004ರಿಂದ ‘ಫೋಕಸ್ ಆನ್ ದ ಫ್ಯಾಮಿಲಿ’ ಎಂಬ ಕ್ರೈಸ್ತ ಸಂಸ್ಥೆ ಯಂತ್ರ ಕೊಳ್ಳಲು ಹಣ ಕೊಡತೊಡಗಿತು. ಡೈಪರ್, ಮಗುವಿನ ಬಟ್ಟೆ, ಪಾಲನೆಯ ತರಗತಿಗಳೂ ಜೊತೆಗಿವೆ. ಇದರಿಂದ ನಿಜವಾಗಿ ಉಪಕಾರ ಪಡೆದವರಿದ್ದಾರೆ, ಅದನ್ನು ತಳ್ಳಿಹಾಕುವಂತಿಲ್ಲ.

ಆದರೆ ಯಂತ್ರ ಬಂದ ಮೇಲೆ ಕೇಂದ್ರ ಕ್ಲಿನಿಕ್‌ನಂತೆ ಕಾಣತೊಡಗಿತು. ತಕರಾರು ಇರುವುದೂ ಅಲ್ಲೇ. 2006ರಲ್ಲಿ ಸಂಸದ ಹೆನ್ರಿ ವ್ಯಾಕ್ಸ್‌ಮನ್ ಅವರ ಸಿಬ್ಬಂದಿ ಫೋನ್ ಮಾಡಿ ವಿಚಾರಿಸಿದ 23 ಕೇಂದ್ರಗಳಲ್ಲಿ 20 ಕೇಂದ್ರಗಳು ಗರ್ಭಪಾತದ ಬಗ್ಗೆ ತಪ್ಪು ಅಥವಾ ದಾರಿತಪ್ಪಿಸುವ ಮಾಹಿತಿ ಕೊಟ್ಟಿದ್ದವು. ವೈದ್ಯಕೀಯ ಲೈಸೆನ್ಸ್ ಇಲ್ಲದಿದ್ದರೆ ಹಾಗಂತ ಬೋರ್ಡ್ ಹಾಕಿ, ಲೈಸೆನ್ಸ್ ಇದ್ದರೆ ಗರ್ಭಪಾತವೂ ಸೇರಿದ ಸರ್ಕಾರಿ ಸೇವೆಗಳ ಮಾಹಿತಿ ಕೊಡಿ ಎಂದು ಕ್ಯಾಲಿಫೋರ್ನಿಯಾ 2015ರಲ್ಲಿ ಕಾನೂನು ಮಾಡಿತು. ಕೇಂದ್ರಗಳು ಕೋರ್ಟಿಗೆ ಹೋದವು. 2018ರಲ್ಲಿ ಸುಪ್ರೀಂ ಕೋರ್ಟ್ ವಾಕ್ ಸ್ವಾತಂತ್ರ್ಯದ ಆಧಾರದ ಮೇಲೆ 5-4 ಮತಗಳಿಂದ ಅವುಗಳ ಪರ ನಿಂತಿತು.

2022ರ ಜೂನ್‌ನಲ್ಲಿ ರೋ ತೀರ್ಪೇ ರದ್ದಾಯಿತು. ಅದರ ಹಿಂದುಮುಂದಿನ ತಿಂಗಳುಗಳಲ್ಲಿ ಕೆಲವು ಕೇಂದ್ರಗಳ ಮೇಲೆ ದಾಳಿಯೂ ನಡೆಯಿತು. ಇನ್ನೊಂದು ಕಡೆ ಸರ್ಕಾರಿ ಹಣ ಏರಿತು. ಟೆಕ್ಸಾಸ್ 2005ರಲ್ಲೇ ಇದಕ್ಕೆ ಬಜೆಟ್‌ನಲ್ಲಿ ದುಡ್ಡು ಇಟ್ಟಿತ್ತು, ಈಗ ಇನ್ನೂ ಹಲವು ರಾಜ್ಯಗಳು ಕೊಡುತ್ತಿವೆ. ಇಷ್ಟಾದರೂ ಬಹಳಷ್ಟು ಕೇಂದ್ರಗಳಿಗೆ ವೈದ್ಯಕೀಯ ಲೈಸೆನ್ಸ್ ಇಲ್ಲ.